ಪೇಟೆಂಟ್ ಪರೀಕ್ಷೆ: ಪುತ್ತೂರು, ಸುಳ್ಯ, ಕಡಬದ ಕೃಷಿ ಆವಿಷ್ಕಾರಗಳು

ಹೊಸ ಯಂತ್ರ, ಉಪಕರಣ, ವಸ್ತು ಅಥವಾ ತಯಾರಿಕೆಯ ವಿಧಾನಕ್ಕೆ ನಿರ್ದಿಷ್ಟ ಅವಧಿಯ ಏಕಸ್ವಾಮ್ಯ ಕೊಡುವ ಮೊದಲು ಸರ್ಕಾರದ ಪರೀಕ್ಷಕರು ನಡೆಸುವ ತಾಂತ್ರಿಕ ಮತ್ತು ಕಾನೂನು ಪರಿಶೀಲನೆಗೆ ಪೇಟೆಂಟ್ ಪರೀಕ್ಷೆ ಎಂದು ಹೆಸರು. ಪ್ರಯೋಗಾಲಯದಲ್ಲಿ ರೂಪುಗೊಂಡ, ಅಣುಗಳನ್ನು ಅಯಾನುಗಳಾಗಿಸುವ ಅಯಾನು ಆಕರವಾಗಲಿ, ತೋಟದ ಮನೆಯಂಗಳದಲ್ಲಿ ಜೋಡಿಸಿದ ಅಡಿಕೆ ಸುಲಿಯುವ ಯಂತ್ರವಾಗಲಿ, ಕಾಯಿದೆಯ ಮುಂದೆ ಎರಡಕ್ಕೂ ಒಂದೇ ಒರೆಗಲ್ಲು. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳು ಅಡಿಕೆ, ತೆಂಗು, ಗೇರು, ಕೊಕ್ಕೊ, ಕಾಳುಮೆಣಸು ಮತ್ತು ರಬ್ಬರಿನ ನಾಡು. ಇಲ್ಲಿನ ಬಹುಪಾಲು ಆವಿಷ್ಕಾರಗಳು ಈ ಬೆಳೆಗಳ ಅಗತ್ಯದಿಂದಲೇ ಹುಟ್ಟಿವೆ. ಅವು ಕಚೇರಿಯ ಅರ್ಜಿಗಿಂತ ಮೊದಲು ನೆರೆಯವರ ತೋಟಕ್ಕೆ, ಯಂತ್ರಮೇಳಕ್ಕೆ, ಕೃಷಿ ಪತ್ರಿಕೆಯ ಪುಟಕ್ಕೆ ತಲುಪುವುದು ಇಲ್ಲಿನ ರೂಢಿ. ಹಂಚಿಕೊಳ್ಳುವ ಈ ಗುಣಕ್ಕೂ ಪೇಟೆಂಟ್ ಪರೀಕ್ಷೆಯ ನಿಯಮಗಳಿಗೂ ಇರುವ ಸಂಬಂಧವನ್ನು ಅರಿತರೆ ಆವಿಷ್ಕಾರಕನಿಗೂ ಸಮುದಾಯಕ್ಕೂ ಲಾಭವಿದೆ.

ಪ್ರದೇಶ ಮತ್ತು ಆವಿಷ್ಕಾರದ ಒತ್ತಡಗಳು

ಪಶ್ಚಿಮ ಘಟ್ಟದ ಬುಡದಲ್ಲಿರುವ ಈ ಮೂರು ತಾಲ್ಲೂಕುಗಳಲ್ಲಿ ಕುಮಾರಧಾರಾ, ಪಯಸ್ವಿನಿ ನದಿಗಳು ಮತ್ತು ಅವುಗಳನ್ನು ಸೇರುವ ಹೊಳೆತೋಡುಗಳು ಹರಿಯುತ್ತವೆ. ಕಡಬ ಈಚಿನ ತಾಲ್ಲೂಕು. ಅದರ ಹೆಚ್ಚಿನ ಭಾಗ ಮೊದಲು ಪುತ್ತೂರು ತಾಲ್ಲೂಕಿನಲ್ಲಿತ್ತು. ಮಳೆಗಾಲದ ಬಿರುಸು, ಗುಡ್ಡದ ಇಳಿಜಾರು, ಎತ್ತರದ ಮರಗಳು ಮತ್ತು ಮರ ಏರುವವರ ಕೊರತೆ ಇಲ್ಲಿನ ಕೃಷಿಕರ ದಿನನಿತ್ಯದ ಸಮಸ್ಯೆಗಳು.

ಅಡಿಕೆಗೆ ತಗಲುವ ಕೊಳೆರೋಗವೇ ಇದಕ್ಕೆ ಸ್ಪಷ್ಟ ನಿದರ್ಶನ. ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಈ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿದ ಶೇ. 1ರ ಬೋರ್ಡೋ ದ್ರಾವಣವೇ ಇಂದಿಗೂ ಮುಖ್ಯ ಔಷಧ. ಸುರಿಯುವ ಮಳೆಯ ನಡುವೆ ಬಿಡುವು ನೋಡಿ, ಪಾಚಿಗಟ್ಟಿದ ಮರ ಏರಿ, ಗೊನೆಗೊನೆಗೂ ಮದ್ದು ಬಿಡಬೇಕು. ಈ ಕಷ್ಟವೇ ಮರ ಏರುವ ಸಾಧನಗಳಿಗೆ, ನೆಲದಿಂದಲೇ ಮದ್ದು ಬಿಡುವ ಮತ್ತು ಗೊನೆ ತೆಗೆಯುವ ಉದ್ದದ ದೋಟಿಗಳಿಗೆ ದಾರಿ ಮಾಡಿತು. ಬಿದಿರು, ಅಲ್ಯೂಮಿನಿಯಂ ದೋಟಿಗಳ ಬಳಿಕ ಹಗುರವಾದ ಕಾರ್ಬನ್ ಫೈಬರ್ ದೋಟಿ ತೋಟಗಳಿಗೆ ಬಂದಿದೆ. ಚಾಲಿ ಅಡಿಕೆಯನ್ನು ಅಂಗಳದಲ್ಲಿ ಒಣಗಿಸಿ ಸುಲಿಯುವ ಕೆಲಸ ಸುಲಿಯುವ ಯಂತ್ರಗಳಿಗೂ ಒಣಗಿಸುವ ಗೂಡುಗಳಿಗೂ ಕಾರಣವಾಯಿತು. ಹಾಳೆತಟ್ಟೆ ಒತ್ತುವ ಯಂತ್ರಗಳು ತೋಟದ ಕಸವನ್ನು ಆದಾಯವಾಗಿ ಬದಲಿಸಿದವು.

ಇಂಥ ಪ್ರಯತ್ನಗಳಿಗೆ ಬೆಂಬಲವಾಗಿ ನಿಂತ ಸಂಸ್ಥೆಗಳೂ ಇಲ್ಲಿವೆ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಸ್ಥಾಪನೆಯಾದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಅದೇ ವರ್ಷ ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ರಾಷ್ಟ್ರೀಯ ಗೇರು ಸಂಶೋಧನ ಕೇಂದ್ರ ಆರಂಭವಾಯಿತು. ಇಂದು ಅದು ಗೇರು ಸಂಶೋಧನ ನಿರ್ದೇಶನಾಲಯ. ಕಡಬ ತಾಲ್ಲೂಕಿನ ನೆಟ್ಟಣದ ಬಳಿ ಕಿದುವಿನಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆಯ ಕೇಂದ್ರವಿದೆ. ದಕ್ಷಿಣ ಏಷ್ಯಾದ ಅಂತರರಾಷ್ಟ್ರೀಯ ತೆಂಗು ತಳಿ ಸಂಗ್ರಹವೂ ಅಲ್ಲಿಯೇ ಇದೆ. ಸುಳ್ಯದಲ್ಲಿ 1986ರಿಂದ ಕೆವಿಜಿ ಇಂಜಿನಿಯರಿಂಗ್ ಕಾಲೇಜು, ಪುತ್ತೂರಿನಲ್ಲಿ 2001ರಿಂದ ವಿವೇಕಾನಂದ ಇಂಜಿನಿಯರಿಂಗ್ ಕಾಲೇಜು ನಡೆಯುತ್ತಿವೆ.

ಕಾಯಿದೆಯ ಬೆಳವಣಿಗೆ

ಭಾರತದಲ್ಲಿ ಆವಿಷ್ಕಾರಗಳಿಗೆ ರಕ್ಷಣೆ ಕೊಡುವ ಮೊದಲ ಕಾನೂನು 1856ರಲ್ಲಿ ಬಂತು. ಹಲವು ತಿದ್ದುಪಡಿಗಳ ಬಳಿಕ 1911ರ ಪೇಟೆಂಟ್ ಮತ್ತು ವಿನ್ಯಾಸ ಕಾಯಿದೆ ಅದರ ಜಾಗಕ್ಕೆ ಬಂದಿತು. ಸ್ವಾತಂತ್ರ್ಯದ ಬಳಿಕ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರರು 1959ರಲ್ಲಿ ಕೊಟ್ಟ ವರದಿಯ ತಳಹದಿಯ ಮೇಲೆ 1970ರ ಪೇಟೆಂಟ್ ಕಾಯಿದೆ ರೂಪುಗೊಂಡು 1972ರ ಏಪ್ರಿಲ್ 20ರಂದು ಜಾರಿಯಾಯಿತು. ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಂದಕ್ಕೆ ಹೊಂದುವಂತೆ 1999, 2002 ಮತ್ತು 2005ರಲ್ಲಿ ಅದಕ್ಕೆ ತಿದ್ದುಪಡಿಗಳಾದವು. ಈಗ ಪೇಟೆಂಟಿನ ಅವಧಿ ಅರ್ಜಿಯ ದಿನದಿಂದ 20 ವರ್ಷ. ಶುಲ್ಕ ಕಟ್ಟಿ ಅದನ್ನು ಊರ್ಜಿತದಲ್ಲಿ ಇಟ್ಟುಕೊಳ್ಳಬೇಕು.

ಕೋಲ್ಕತ್ತ, ದೆಹಲಿ, ಮುಂಬೈ ಮತ್ತು ಚೆನ್ನೈಗಳಲ್ಲಿ ಪೇಟೆಂಟ್ ಕಚೇರಿಗಳಿವೆ. ಕರ್ನಾಟಕ ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರಿದೆ. ಪುತ್ತೂರು ಅಥವಾ ಸುಳ್ಯದ ಕೃಷಿಕ ಅರ್ಜಿ ಹಾಕಲು ಚೆನ್ನೈವರೆಗೆ ಹೋಗಬೇಕಿಲ್ಲ. ಇಡೀ ವ್ಯವಹಾರ ಅಂತರ್ಜಾಲದ ಮೂಲಕ ನಡೆಯುತ್ತದೆ.

ಪರೀಕ್ಷೆಯ ಹಂತಗಳು

ಅರ್ಜಿಯ ಜೀವಾಳ ಅದರ ವಿವರಣಾಪತ್ರ. ಆ ಕಸುಬು ಬಲ್ಲ ಮತ್ತೊಬ್ಬರು ಓದಿ ಅದೇ ಯಂತ್ರವನ್ನು ಕಟ್ಟುವಷ್ಟು ಸ್ಪಷ್ಟವಾಗಿ ಅದನ್ನು ಬರೆಯಬೇಕು. ಕೊನೆಯಲ್ಲಿ ಬರುವ ಹಕ್ಕುಬೇಡಿಕೆಗಳು ಯಾವ ಭಾಗಕ್ಕೆ, ಯಾವ ಜೋಡಣೆಗೆ ಏಕಸ್ವಾಮ್ಯ ಕೇಳಲಾಗಿದೆ ಎಂಬುದರ ಗಡಿ ಗುರುತಿಸುತ್ತವೆ. ಯಂತ್ರ ಇನ್ನೂ ಪೂರ್ತಿ ಪಳಗಿಲ್ಲದಿದ್ದರೆ ತಾತ್ಕಾಲಿಕ ವಿವರಣಾಪತ್ರ ಸಲ್ಲಿಸಿ ದಿನಾಂಕ ಕಾದಿರಿಸಬಹುದು. ಪೂರ್ಣ ವಿವರಣಾಪತ್ರವನ್ನು 12 ತಿಂಗಳೊಳಗೆ ಕೊಡಬೇಕು. ವ್ಯಕ್ತಿಗಳು, ಸ್ಟಾರ್ಟಪ್‌ಗಳು, ಸಣ್ಣ ಉದ್ಯಮಗಳು ಮತ್ತು ಶಿಕ್ಷಣ ಸಂಸ್ಥೆಗಳಿಗೆ ಅಂತರ್ಜಾಲದ ಅರ್ಜಿಯ ಮೂಲ ಶುಲ್ಕ 1,600 ರೂಪಾಯಿ, ಪರೀಕ್ಷೆಯ ಕೋರಿಕೆಗೆ 4,000 ರೂಪಾಯಿ. ಶಿಕ್ಷಣ ಸಂಸ್ಥೆಗಳಿಗೆ ಈ ರಿಯಾಯಿತಿ 2021ರ ತಿದ್ದುಪಡಿಯಿಂದ ಸಿಕ್ಕಿತು.

ಸಾಮಾನ್ಯವಾಗಿ 18 ತಿಂಗಳ ಬಳಿಕ ಅರ್ಜಿ ಪೇಟೆಂಟ್ ನಿಯತಕಾಲಿಕದಲ್ಲಿ ಪ್ರಕಟವಾಗುತ್ತದೆ. ಅರ್ಜಿ ಹಾಕಿದ ಮಾತ್ರಕ್ಕೆ ಪರೀಕ್ಷೆ ತಾನಾಗಿ ಆರಂಭವಾಗುವುದಿಲ್ಲ. ಅದಕ್ಕೆ ಪ್ರತ್ಯೇಕ ಕೋರಿಕೆ ಬೇಕು. 2024ರ ನಿಯಮಗಳ ಪ್ರಕಾರ ಈ ಕೋರಿಕೆಯ ಗಡುವು ಮೊದಲ ಅರ್ಜಿಯ ದಿನದಿಂದ 31 ತಿಂಗಳು. ಮೊದಲು ಅದು 48 ತಿಂಗಳಿತ್ತು. ಕೋರಿಕೆ ಬಂದ ಮೇಲೆ ಪೇಟೆಂಟ್ ಕಚೇರಿಯ ನಿಯಂತ್ರಕರು ಅರ್ಜಿಯನ್ನು ಆ ತಾಂತ್ರಿಕ ಕ್ಷೇತ್ರದ ಪರೀಕ್ಷಕರಿಗೆ ಒಪ್ಪಿಸುತ್ತಾರೆ. ಪರೀಕ್ಷಕರು ದೇಶ ವಿದೇಶಗಳ ಪೇಟೆಂಟ್ ದಾಖಲೆಗಳನ್ನೂ ಇತರ ಪ್ರಕಟಿತ ಸಾಹಿತ್ಯವನ್ನೂ ಹುಡುಕಿ ವರದಿ ಸಿದ್ಧಪಡಿಸುತ್ತಾರೆ. ಅದರ ಆಧಾರದಲ್ಲಿ ಆಕ್ಷೇಪಗಳನ್ನು ಪಟ್ಟಿಮಾಡಿದ ಮೊದಲ ಪರೀಕ್ಷಾ ವರದಿ ಅರ್ಜಿದಾರರ ಕೈಸೇರುತ್ತದೆ.

ಈ ವರದಿ ಬಂದಾಗ ಅರ್ಜಿ ತಿರಸ್ಕೃತವಾಯಿತೆಂದು ಹಲವರು ತಿಳಿಯುವುದುಂಟು. ನಿಜಕ್ಕೂ ಅದು ಪರೀಕ್ಷಕರು ಮತ್ತು ಅರ್ಜಿದಾರರ ನಡುವಿನ ಮಾತುಕತೆಯ ಆರಂಭ. ಆರು ತಿಂಗಳೊಳಗೆ ಉತ್ತರ ಕೊಡಬೇಕು. ಕೋರಿದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಹಕ್ಕುಬೇಡಿಕೆಯ ವ್ಯಾಪ್ತಿ ಕಿರಿದು ಮಾಡಬಹುದು, ಹಿಂದಿನ ಯಂತ್ರಕ್ಕಿಂತ ತನ್ನದು ಹೇಗೆ ಬೇರೆ ಎಂದು ವಾದಿಸಬಹುದು. ಗಡುವು ಮೀರಿದರೆ ಅರ್ಜಿ ಕೈಬಿಟ್ಟಂತೆ. ಆಕ್ಷೇಪ ಉಳಿದರೆ ವಿಚಾರಣೆ ನಡೆಯುತ್ತದೆ. ಬಳಿಕ ನಿಯಂತ್ರಕರು ಪೇಟೆಂಟ್ ಕೊಡುತ್ತಾರೆ ಅಥವಾ ನಿರಾಕರಿಸುತ್ತಾರೆ. ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾದ ಬಳಿಕ ಮೇಲ್ಮನವಿಗಳು ಹೈಕೋರ್ಟಿಗೆ ಹೋಗುತ್ತವೆ. ಅರ್ಜಿದಾರರು ಮಹಿಳೆಯಾಗಿದ್ದರೆ ಅಥವಾ ಸ್ಟಾರ್ಟಪ್ ಆಗಿದ್ದರೆ ಶೀಘ್ರ ಪರೀಕ್ಷೆ ಕೋರಲು ಅವಕಾಶವಿದೆ.

ಮೂರು ಒರೆಗಲ್ಲುಗಳು

ಆವಿಷ್ಕಾರ ಹೊಸದಾಗಿರಬೇಕು, ಅದರಲ್ಲಿ ಆವಿಷ್ಕಾರ ಗುಣವಿರಬೇಕು, ಉದ್ಯಮದಲ್ಲಿ ಬಳಕೆಗೆ ಬರಬೇಕು. ಇವುಗಳಲ್ಲಿ ಹೆಚ್ಚು ಚರ್ಚೆಗೆ ಬರುವುದು ಎರಡನೆಯದು. ಹಿಂದೆ ತಿಳಿದಿದ್ದಕ್ಕಿಂತ ತಾಂತ್ರಿಕವಾಗಿ ಮುಂದೆ ಹೋಗಿರಬೇಕು ಅಥವಾ ಆರ್ಥಿಕ ಮಹತ್ವ ಹೊಂದಿರಬೇಕು; ಜೊತೆಗೆ ಆ ಕಸುಬಿನ ನುರಿತವನಿಗೆ ಅದು ಸಹಜವಾಗಿ ಹೊಳೆಯುವಂತಿರಬಾರದು.

ಅಯಾನು ಆಕರದ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ವಸ್ತುವಿನ ಅಣುಗಳಿಗೆ ವಿದ್ಯುದಂಶ ಕೊಟ್ಟು ಅವುಗಳನ್ನು ಅಯಾನುಗಳಾಗಿಸುವ ಭಾಗ ಇದು. ಆಹಾರ, ಔಷಧ ಮತ್ತು ಕೀಟನಾಶಕದ ಶೇಷಾಂಶ ಅಳೆಯುವ ದ್ರವ್ಯರಾಶಿ ರೋಹಿತಮಾಪಕಗಳಲ್ಲಿ ಇರುತ್ತದೆ. ವಿದ್ಯುತ್ ಸಿಂಪರಣೆಯ ಬಗೆಯಲ್ಲಿ ದ್ರಾವಣವನ್ನು ಹೆಚ್ಚು ವೋಲ್ಟೇಜಿನ ಸೂಜಿಯಿಂದ ಸಿಂಪಡಿಸಿ, ಹನಿಗಳನ್ನು ಅನಿಲದಿಂದ ಆವಿಯಾಗಿಸಿ, ಉಳಿದ ಅಯಾನುಗಳನ್ನು ನಿರ್ವಾತದೊಳಗೆ ಸೆಳೆಯಲಾಗುತ್ತದೆ. ಸೂಜಿಯನ್ನು ಒಳದಾರಿಯ ಎದುರಿಗೆ ಇಡುವ ಬದಲು ಲಂಬಕೋನದಲ್ಲಿ ಇಟ್ಟರೆ ಆವಿಯಾಗದ ಹನಿಗಳು ಒಳನುಗ್ಗುವುದು ಕಡಿಮೆಯಾಗುತ್ತದೆ. ಇಂಥ ಬದಲಾವಣೆ ಅರ್ಜಿಯಲ್ಲಿ ಬಂದಾಗ ಪರೀಕ್ಷಕರ ಪ್ರಶ್ನೆಗಳು ಮೂರು: ಈ ಜೋಡಣೆಯನ್ನು ಯಾರಾದರೂ ಹಿಂದೆ ಪ್ರಕಟಿಸಿದ್ದಾರೆಯೆ? ಇಲ್ಲವೆಂದರೆ, ಹಿಂದಿನ ಎರಡು ಮೂರು ದಾಖಲೆ ಓದಿದ ನುರಿತವನಿಗೆ ಅದು ತಾನಾಗಿ ಹೊಳೆಯುತ್ತಿತ್ತೆ? ಅದರಿಂದ ಬಂದ ತಾಂತ್ರಿಕ ಲಾಭವನ್ನು ವಿವರಣಾಪತ್ರ ತೋರಿಸಿದೆಯೆ? ಅಡಿಕೆ ಸುಲಿಯುವ ಯಂತ್ರದಲ್ಲಿ ಅಲಗಿನ ಕೋನ ಬದಲಿಸಿ, ರಬ್ಬರ್ ಉರುಳೆ ಸೇರಿಸಿ, ಒಳಗಿನ ಅಡಿಕೆ ಒಡೆಯದಂತೆ ಮಾಡಿದವರನ್ನೂ ಇವೇ ಪ್ರಶ್ನೆಗಳು ಎದುರುಗೊಳ್ಳುತ್ತವೆ. ಯಂತ್ರ ಚೆನ್ನಾಗಿ ಸುಲಿಯುತ್ತದೆ ಎಂಬ ಉತ್ತರ ಸಾಲದು. ಹಿಂದಿನ ಯಂತ್ರದಲ್ಲಿ ಎಷ್ಟು ಒಡೆಯುತ್ತಿತ್ತು, ಈಗ ಎಷ್ಟು, ಯಾವ ಭಾಗದಿಂದ ಆ ವ್ಯತ್ಯಾಸ ಬಂತು ಎಂದು ಅಳತೆಯೊಂದಿಗೆ ತೋರಿಸಬೇಕು.

ಸಣ್ಣ ಕಾರ್ಯಾಗಾರಗಳ ಮಟ್ಟಿಗೆ ಸುಪ್ರೀಂ ಕೋರ್ಟಿನ 1978ರ ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಪ್ರಕರಣದ ತೀರ್ಪು ಮುಖ್ಯವಾದುದು. ಉತ್ತರ ಪ್ರದೇಶದ ಮಿರ್ಜಾಪುರದ ಪಾತ್ರೆ ತಯಾರಕರ ನಡುವಿನ ವ್ಯಾಜ್ಯವದು. ಕಡೆಯುವಾಗ ಪಾತ್ರೆಯನ್ನು ಲೇತ್ ಯಂತ್ರದಲ್ಲಿ ಹಿಡಿದಿಡುವ ಸಾಧನಕ್ಕೆ ಪೇಟೆಂಟ್ ಸಿಕ್ಕಿತ್ತು. ಮೊದಲೇ ಬಳಕೆಯಲ್ಲಿದ್ದ ಸಾಧನಕ್ಕೆ ಮಾಡಿದ ಕಾರ್ಯಾಗಾರದ ಮಟ್ಟದ ಸುಧಾರಣೆ ಪೇಟೆಂಟಿಗೆ ಅರ್ಹವಲ್ಲ ಎಂದು ಹೇಳಿ ನ್ಯಾಯಾಲಯ ಆ ಪೇಟೆಂಟನ್ನು ಅಸಿಂಧುವೆಂದಿತು. ತಿಳಿದ ಸಾಧನಗಳನ್ನು ಒಟ್ಟಿಗೆ ಜೋಡಿಸಿದಾಗ ಪ್ರತಿಯೊಂದೂ ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದರೆ ಅದು ಆವಿಷ್ಕಾರವಲ್ಲ ಎಂದು ಕಾಯಿದೆಯ 3(ಎಫ್) ಕಲಮೂ ಹೇಳುತ್ತದೆ.

ಸಾಮಾನ್ಯ ಕೃಷಿ ಸಾಧನಕ್ಕೂ ಈ ಪರೀಕ್ಷೆಯಲ್ಲಿ ಗೆಲುವು ಸಾಧ್ಯ. ನೆರೆಯ ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ. ಜೆ. ಜೋಸೆಫ್ ರೂಪಿಸಿದ, ಎರಡು ಲೋಹದ ಕುಣಿಕೆಗಳ ಮೇಲೆ ಕಾಲಿಟ್ಟು ತೆಂಗಿನ ಮರ ಏರುವ ಸಾಧನಕ್ಕೆ ಭಾರತದಲ್ಲಿ ಪೇಟೆಂಟ್ ದೊರೆಯಿತು. 2000ರಲ್ಲಿ ಗುಜರಾತಿನಲ್ಲಿ ಆರಂಭವಾದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಇಂಥ ತಳಮಟ್ಟದ ಆವಿಷ್ಕಾರಕರಿಗೆ ಅರ್ಜಿ ಬರೆಯುವುದರಿಂದ ಹಿಡಿದು ನೆರವಾಗುತ್ತದೆ.

ಬಹಿರಂಗವಾದುದು ಮತ್ತು ಹೊಸತನ

ಅರ್ಜಿಯ ದಿನಕ್ಕಿಂತ ಮೊದಲು ಜಗತ್ತಿನ ಯಾವುದೇ ಮೂಲೆಯಲ್ಲಿ, ಯಾವುದೇ ಭಾಷೆಯಲ್ಲಿ ಪ್ರಕಟವಾದ ಮಾಹಿತಿ ಆವಿಷ್ಕಾರದ ಹೊಸತನವನ್ನು ಕಳೆಯಬಲ್ಲದು. ಕನ್ನಡದ ಕೃಷಿ ಲೇಖನಕ್ಕೂ ಇಂಗ್ಲಿಷಿನ ಸಂಶೋಧನ ಪ್ರಬಂಧಕ್ಕೂ ಇಲ್ಲಿ ಒಂದೇ ತೂಕ.

ಪುತ್ತೂರಿನಿಂದ 1988ರಿಂದ ಪ್ರಕಟವಾಗುತ್ತಿರುವ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಕೊಟ್ಟ ಪತ್ರಿಕೆ. ಶ್ರೀಪಡ್ರೆಯವರ ಸಂಪಾದಕತ್ವದಲ್ಲಿ ಅದು ಬೆಳೆಗಾರರ ಅನುಭವ, ಉಪಕರಣ, ನೀರಿಂಗಿಸುವ ವಿಧಾನ, ಹಲಸಿನ ಮೌಲ್ಯವರ್ಧನೆಗಳನ್ನು ದಾಖಲಿಸುತ್ತ ಬಂದಿದೆ. ಕ್ಯಾಂಪ್ಕೊ ಮತ್ತು ವಿವೇಕಾನಂದ ಇಂಜಿನಿಯರಿಂಗ್ ಕಾಲೇಜು ಸೇರಿ ಪುತ್ತೂರಿನಲ್ಲಿ ನಡೆಸಿದ ಯಂತ್ರಮೇಳಗಳು ಮರ ಏರುವ, ಮದ್ದು ಬಿಡುವ, ಸುಲಿಯುವ, ಒಣಗಿಸುವ ಸಾಧನಗಳನ್ನು ಒಂದೇ ಅಂಗಳಕ್ಕೆ ತಂದವು. ಕ್ಯಾಂಪ್ಕೊದ ಸುವರ್ಣ ಮಹೋತ್ಸವದ ವರ್ಷವಾದ 2023ರ ಫೆಬ್ರವರಿಯಲ್ಲೂ ಅಂಥ ಮೇಳ ನಡೆಯಿತು.

ಪೇಟೆಂಟ್ ಬಯಸುವವರು ಇಲ್ಲಿ ಎಚ್ಚರ ವಹಿಸಬೇಕು. ಮೇಳದಲ್ಲಿ ತೋರಿಸಿದ ಯಂತ್ರಕ್ಕೆ 12 ತಿಂಗಳ ರಿಯಾಯಿತಿ ಸಿಗುವುದು ಕೇಂದ್ರ ಸರ್ಕಾರ ರಾಜಪತ್ರದಲ್ಲಿ ಅಧಿಸೂಚಿಸಿದ ಪ್ರದರ್ಶನಗಳಿಗೆ ಮಾತ್ರ ಎಂದು 31ನೇ ಕಲಮು ಹೇಳುತ್ತದೆ. ವಿದ್ವತ್ ಸಂಸ್ಥೆಯ ಎದುರು ಓದಿದ ಪ್ರಬಂಧಕ್ಕೂ ಅಂಥದೇ ರಿಯಾಯಿತಿ ಇದೆ. ಅದನ್ನು ಕೋರುವ ಪ್ರತ್ಯೇಕ ನಮೂನೆ 2024ರಲ್ಲಿ ಬಂತು. ಸಾರ್ವಜನಿಕವಾಗಿಯೇ ಪರೀಕ್ಷಿಸಬೇಕಾದ ಆವಿಷ್ಕಾರವನ್ನು ಅರ್ಜಿಗೆ ಹಿಂದಿನ ಒಂದು ವರ್ಷದೊಳಗೆ ಪ್ರಯೋಗಕ್ಕೆಂದು ನಡೆಸಿದ್ದರೆ 32ನೇ ಕಲಮು ರಕ್ಷಣೆ ಕೊಡುತ್ತದೆ. ಇವೆಲ್ಲ ಷರತ್ತುಗಳಿರುವ ವಿನಾಯಿತಿಗಳು. ಆದ್ದರಿಂದ ಮೊದಲು ತಾತ್ಕಾಲಿಕ ಅರ್ಜಿ, ಬಳಿಕ ಪ್ರದರ್ಶನ ಎಂಬ ಕ್ರಮವೇ ಸುರಕ್ಷಿತ.

ಬಹಿರಂಗವಾದ ಮಾಹಿತಿಗೆ ಇನ್ನೊಂದು ಬಲವೂ ಇದೆ. ಪ್ರಕಟವಾದ ಅರ್ಜಿಗೆ ಪೇಟೆಂಟ್ ಸಿಗುವ ಮೊದಲು ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ಪೇಟೆಂಟ್ ಸಿಕ್ಕ ಪ್ರಕಟಣೆಯಿಂದ ಒಂದು ವರ್ಷದವರೆಗೆ ಹಿತಾಸಕ್ತಿಯುಳ್ಳವರು ವಿರೋಧಿಸಬಹುದು. ಸ್ಥಳೀಯ ಅಥವಾ ಮೂಲನಿವಾಸಿ ಸಮುದಾಯದಲ್ಲಿ ಬಾಯಿಮಾತಿನಿಂದ ಬಂದ ತಿಳಿವಳಿಕೆಯನ್ನೂ ವಿರೋಧದ ಆಧಾರವಾಗಿ 25ನೇ ಕಲಮು ಒಪ್ಪುತ್ತದೆ. ಗಾಯ ಮಾಗಿಸಲು ಅರಿಶಿನ ಬಳಸುವ ಕುರಿತು ಅಮೆರಿಕ 1995ರಲ್ಲಿ ಕೊಟ್ಟ ಪೇಟೆಂಟ್, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಪರಿಷತ್ತು ಹಳೆಯ ಗ್ರಂಥಗಳ ಪುರಾವೆ ಮುಂದಿಟ್ಟಾಗ 1997ರಲ್ಲಿ ರದ್ದಾಯಿತು. ಬೇವಿನ ಎಣ್ಣೆಯ ಶಿಲೀಂಧ್ರನಾಶಕ ಬಳಕೆಗೆ ಯುರೋಪಿನ ಕಚೇರಿ ಕೊಟ್ಟಿದ್ದ ಪೇಟೆಂಟ್ 2000ದಲ್ಲಿ ರದ್ದಾಗಿ, ಆ ತೀರ್ಮಾನ 2005ರಲ್ಲಿ ಅಂತಿಮವಾಯಿತು. ಎಲ್ಲರ ಸೊತ್ತಾದ ಜ್ಞಾನವನ್ನು ಒಬ್ಬರು ಕಟ್ಟಿಹಾಕದಂತೆ ತಡೆಯಲು ದಿನಾಂಕವಿರುವ ಬರಹದಷ್ಟು ಗಟ್ಟಿ ಸಾಕ್ಷ್ಯ ಬೇರಿಲ್ಲ. ಊರಿನ ಕೃಷಿ ಪತ್ರಿಕೆಯ ಹಳೆಯ ಸಂಚಿಕೆಗಳು ಈ ದೃಷ್ಟಿಯಿಂದ ಕಾನೂನು ಮೌಲ್ಯವುಳ್ಳ ಭಂಡಾರ.

ಪೇಟೆಂಟಿಗೆ ಹೊರತಾದವು

ಕೃಷಿ ಅಥವಾ ತೋಟಗಾರಿಕೆಯ ವಿಧಾನಕ್ಕೆ 3(ಹೆಚ್) ಕಲಮಿನ ಪ್ರಕಾರ ಪೇಟೆಂಟ್ ಇಲ್ಲ. ಅಡಿಕೆಯ ನಡುವೆ ಕೊಕ್ಕೊ ನೆಡುವ ಕ್ರಮ, ಕಾಳುಮೆಣಸಿನ ಬಳ್ಳಿ ಹಬ್ಬಿಸುವ ರೀತಿ, ಗೇರನ್ನು ಒತ್ತಾಗಿ ನೆಟ್ಟು ಸವರುವ ಪದ್ಧತಿ ಈ ಕಾರಣಕ್ಕೆ ಯಾರ ಏಕಸ್ವಾಮ್ಯವೂ ಆಗಲಾರವು. ಆ ಕೆಲಸಕ್ಕೆ ಬಳಸುವ ಹೊಸ ಯಂತ್ರಕ್ಕೆ ಮಾತ್ರ ಅವಕಾಶವಿದೆ. ಸಸ್ಯ, ಬೀಜ, ತಳಿಗಳನ್ನು 3(ಜೆ) ಕಲಮು, ಪಾರಂಪರಿಕ ಜ್ಞಾನವನ್ನು 3(ಪಿ) ಕಲಮು ಹೊರಗಿಡುತ್ತವೆ. ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ಪಡೆಯುವ ಸುರಂಗ, ತೋಡಿಗೆ ಅಡ್ಡಲಾಗಿ ಹಾಕುವ ಕಟ್ಟ ಇವೆಲ್ಲ ಗಡಿನಾಡಿನ ಪಾರಂಪರಿಕ ಜಲಜ್ಞಾನ. ಭಾರತದ ಜೈವಿಕ ಸಂಪನ್ಮೂಲ ಆಧರಿಸಿದ ಆವಿಷ್ಕಾರವಾದರೆ 2002ರ ಜೀವವೈವಿಧ್ಯ ಕಾಯಿದೆಯ ನಿಯಮಗಳನ್ನೂ ಪಾಲಿಸಬೇಕು.

ಸಮಾಜಕ್ಕೆ ದೊಡ್ಡ ಉಪಕಾರ ಮಾಡಿದ ಕೆಲಸಕ್ಕೆ ಪೇಟೆಂಟಿನ ಆಸರೆ ಬೇಕೇಬೇಕೆಂದಿಲ್ಲ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಬಳಿಕ ಹಲವು ರಾಜ್ಯಗಳ ಕುಗ್ರಾಮಗಳಲ್ಲಿ ನೂರಕ್ಕೂ ಹೆಚ್ಚು ಸೇತುವೆಗಳನ್ನು ನಿರ್ಮಿಸಿ 2017ರಲ್ಲಿ ಪದ್ಮಶ್ರೀ ಪಡೆದರು. ತೂಗುಸೇತುವೆಯ ತತ್ತ್ವ ಹಳೆಯದು. ಕಡಿಮೆ ಖರ್ಚಿನಲ್ಲಿ, ಸ್ಥಳದ ಗುಣ ಅರಿತು, ಊರವರ ಸಹಕಾರದಿಂದ ಅದನ್ನು ಕಟ್ಟುವುದರಲ್ಲಿದೆ ಈ ಸಾಧನೆಯ ಹಿರಿಮೆ.

ಸಸ್ಯ ತಳಿಗಳ ಪರೀಕ್ಷೆ

ಪೇಟೆಂಟಿಗೆ ಹೊರತಾದ ತಳಿಗಳಿಗೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಬೇರೆಯೇ ದಾರಿ ತೆರೆಯಿತು. ಇಲ್ಲಿ ಪರೀಕ್ಷೆ ನಡೆಯುವುದು ತೋಟದಲ್ಲಿ. ತಳಿ ಇತರ ತಳಿಗಳಿಗಿಂತ ಭಿನ್ನವೆ, ಗಿಡಗಿಡಗಳ ನಡುವೆ ಏಕರೂಪವೆ, ತಲೆಮಾರು ಕಳೆದರೂ ಸ್ಥಿರವೆ ಎಂಬ ಮೂರು ಗುಣಗಳನ್ನು ನೋಡಲಾಗುತ್ತದೆ. ಗೇರಿನ ಮಟ್ಟಿಗೆ ಈ ಪರೀಕ್ಷೆಯ ಕೇಂದ್ರ ಪುತ್ತೂರಿನ ಗೇರು ಸಂಶೋಧನ ನಿರ್ದೇಶನಾಲಯ. ಮರದ ಆಕಾರ, ಎಲೆಯ ರೂಪ, ಹೂಗೊಂಚಲು, ಹಣ್ಣಿನ ಬಣ್ಣ, ಬೀಜದ ತೂಕ ಮೊದಲಾದ ಲಕ್ಷಣಗಳು ಅಳತೆಗೆ ಬರುತ್ತವೆ. ಈ ಸಂಸ್ಥೆಯೇ ಬಿಡುಗಡೆ ಮಾಡಿದ ಭಾಸ್ಕರ ತಳಿ, ಚಹಾ ಸೊಳ್ಳೆ ಎಂಬ ಕೀಟದ ಕಾಟ ಸಾಧಾರಣವಾಗಿರುವಾಗ ಅದರಿಂದ ಪಾರಾಗುವ ಗುಣಕ್ಕಾಗಿ ಬೆಳೆಗಾರರಿಗೆ ಪರಿಚಿತ.

ಮರ ಮತ್ತು ಬಳ್ಳಿಗಳ ತಳಿಗೆ ರಕ್ಷಣೆಯ ಅವಧಿ 18 ವರ್ಷ, ಇತರ ಬೆಳೆಗಳಿಗೆ 15. ರೈತರು ತಾವು ಕಾಪಾಡಿದ ತಳಿಯನ್ನು ತಮ್ಮ ಹೆಸರಿನಲ್ಲಿ ನೋಂದಾಯಿಸಬಹುದು. ಬ್ರಾಂಡಿನ ಹೆಸರಿಲ್ಲದೆ ಬೀಜ ಉಳಿಸುವ, ಬಿತ್ತುವ, ಹಂಚುವ, ಮಾರುವ ಹಕ್ಕು ಅವರಿಗೆ ಉಳಿಯುತ್ತದೆ. ಪುತ್ತೂರು ಗಡಿಗೆ ತಾಗಿದ ಕಾಸರಗೋಡು ಜಿಲ್ಲೆಯ ನೆಟ್ಟಣಿಗೆಯಲ್ಲಿ 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿ 2024ರಲ್ಲಿ ಪದ್ಮಶ್ರೀ ಪಡೆದ ಸತ್ಯನಾರಾಯಣ ಬೆಳೇರಿಯವರಂಥ ರೈತರ ಕೆಲಸ, ಈ ಹಕ್ಕು ಏಕೆ ಬೇಕೆಂಬುದನ್ನು ಮನವರಿಕೆ ಮಾಡುತ್ತದೆ.

ಒಡೆತನ ಮತ್ತು ಬಳಕೆ

ಕಾಲೇಜಿನ ಯೋಜನೆಯಾಗಿ ವಿದ್ಯಾರ್ಥಿಗಳು ಕಟ್ಟಿದ ಯಂತ್ರದ ಹಕ್ಕು ಯಾರದು ಎಂಬುದನ್ನು ಅರ್ಜಿಗೆ ಮೊದಲೇ ಬರಹದಲ್ಲಿ ತೀರ್ಮಾನಿಸಬೇಕು. ಅಯಾನು ಆಕರದ ಚರಿತ್ರೆಯೇ ಇದಕ್ಕೆ ಪಾಠ. ವಿದ್ಯುತ್ ಸಿಂಪರಣೆಯ ಅಯಾನೀಕರಣಕ್ಕಾಗಿ 2002ರಲ್ಲಿ ನೊಬೆಲ್ ಪಡೆದ ಜಾನ್ ಫೆನ್, ಆ ಕುರಿತ ಪೇಟೆಂಟನ್ನು ತಮ್ಮ ಹೆಸರಿನಲ್ಲಿ ಪಡೆದಿದ್ದರು. ಯೇಲ್ ವಿಶ್ವವಿದ್ಯಾಲಯದೊಂದಿಗೆ ನಡೆದ ವ್ಯಾಜ್ಯದಲ್ಲಿ ಅಮೆರಿಕದ ನ್ಯಾಯಾಲಯ 2005ರಲ್ಲಿ ವಿಶ್ವವಿದ್ಯಾಲಯದ ಪರ ತೀರ್ಪು ಕೊಟ್ಟಿತು. ಕೃಷಿಕನ ಯೋಚನೆ, ಕಮ್ಮಾರನ ಕೈಚಳಕ, ವಿದ್ಯಾರ್ಥಿಯ ನಕ್ಷೆ ಕೂಡಿ ಯಂತ್ರವಾಗುವ ಊರುಗಳಲ್ಲಿ ಮೂವರ ಹೆಸರೂ ದಾಖಲಾಗುವುದು ನ್ಯಾಯ.

ಪೇಟೆಂಟ್ ಇರುವ ಯಂತ್ರವನ್ನು ಅನುಮತಿಯಿಲ್ಲದೆ ತಯಾರಿಸಿ ಮಾರುವಂತಿಲ್ಲ. ಆದರೆ ಪ್ರಯೋಗ, ಸಂಶೋಧನೆ ಮತ್ತು ವಿದ್ಯಾರ್ಥಿಗಳ ಕಲಿಕೆಗಾಗಿ ಬಳಸಲು 47ನೇ ಕಲಮಿನಲ್ಲಿ ಅವಕಾಶವಿದೆ. ಯಂತ್ರದ ಹೊರರೂಪವಷ್ಟೇ ಹೊಸದಾಗಿದ್ದರೆ 2000ದ ವಿನ್ಯಾಸ ಕಾಯಿದೆಯಡಿ ಗರಿಷ್ಠ 15 ವರ್ಷದ ರಕ್ಷಣೆ ಪಡೆಯಬಹುದು. ಅವಧಿ ಮುಗಿದ ಅಥವಾ ಶುಲ್ಕ ಕಟ್ಟದೆ ಬಿದ್ದುಹೋದ ಪೇಟೆಂಟಿನ ತಂತ್ರವನ್ನು ಯಾರು ಬೇಕಾದರೂ ಬಳಸಬಹುದು. ಅವುಗಳ ವಿವರಣಾಪತ್ರಗಳು ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಮಹತ್ವ

ಪೇಟೆಂಟ್ ಪರೀಕ್ಷೆ ಪ್ರತಿಭೆಯನ್ನು ಅಳೆಯುವುದಿಲ್ಲ. ಒಂದು ಉಪಾಯ ಯಾವಾಗ, ಯಾರಿಂದ, ಯಾವ ರೂಪದಲ್ಲಿ ಬಂತೆಂಬ ದಾಖಲೆಯನ್ನು ಅಳೆಯುತ್ತದೆ. ಅನುಭವವನ್ನು ಹಂಚಿಕೊಂಡೇ ಬೆಳೆದ ಪುತ್ತೂರು, ಸುಳ್ಯ, ಕಡಬದ ಕೃಷಿ ಸಮುದಾಯಕ್ಕೆ ಇದರಲ್ಲಿ ಎರಡು ದಾರಿಗಳಿವೆ. ತಯಾರಿಕೆಗೆ ಹಣ ಹೂಡಬೇಕಾದ, ನಕಲಾಗುವ ಭಯವಿರುವ ಯಂತ್ರವಾದರೆ ಮೇಳಕ್ಕೆ ಮೊದಲು ತಾತ್ಕಾಲಿಕ ಅರ್ಜಿ ಹಾಕುವುದು ಒಂದು. ಎಲ್ಲರಿಗೂ ಸಿಗಲೆಂದು ಬಿಡುವ ಉಪಾಯವಾದರೆ ಅಳತೆ, ಚಿತ್ರ, ದಿನಾಂಕಗಳೊಂದಿಗೆ ಅದನ್ನು ಪ್ರಕಟಿಸಿ ಮುಂದೆ ಯಾರೂ ಅದರ ಮೇಲೆ ಏಕಸ್ವಾಮ್ಯ ಪಡೆಯದಂತೆ ಕಾಯುವುದು ಇನ್ನೊಂದು. ಎರಡಕ್ಕೂ ಬೇಕಾದುದು ಕೃಷಿಕ ತನ್ನ ಪ್ರಯೋಗವನ್ನು ಹೊತ್ತಿಗೆ ಸರಿಯಾಗಿ ಬರೆದಿಡುವ ಅಭ್ಯಾಸ. ಇಂಜಿನಿಯರಿಂಗ್ ಕಾಲೇಜುಗಳು, ಸಹಕಾರಿ ಸಂಸ್ಥೆಗಳು ಮತ್ತು ಸಂಶೋಧನ ಕೇಂದ್ರಗಳು ಇಷ್ಟು ಹತ್ತಿರವಿರುವ ಈ ನೆಲದಲ್ಲಿ, ಯಂತ್ರ ಕಟ್ಟುವ ಕೈಗಳಿಗೆ ವಿವರಣಾಪತ್ರ ಬರೆಯುವ ನೆರವನ್ನು ಕನ್ನಡದಲ್ಲೇ ಒದಗಿಸುವುದು ಅವು ಕೈಗೊಳ್ಳಬಹುದಾದ ಅತ್ಯಂತ ಉಪಯುಕ್ತ ಕೆಲಸಗಳಲ್ಲಿ ಒಂದು.